ಸಾಮಾನಿನ ಪಟ್ಟಿ

ಮನುಷ್ಯನ ಸ್ವಭಾವವನ್ನು ತಿಳಿಯಬೇಕಾದರೆ ಅವನ ಜಾತಕವನ್ನು ನೋಡಬೇಕೆಂದು ಹೇಳುವವರಿದ್ದಾರೆ. ಅಂಗೈಯ ರೇಖೆಗಳನ್ನು ನೋಡಿದರೆ ಸಾಕೆನ್ನುವವರೂ ಇದ್ದಾರೆ. ಅಷ್ಟೆಲ್ಲ ತೊಂದರೆ ಏಕೆ? ಅವನ ಮನೆಯ ತಿಂಗಳ ಸಾಮಾನಿನ ಪಟ್ಟಿಯನ್ನು ಒಮ್ಮೆ ಓದಿದರೆ ಆಗದೆ? ಗ್ರಹಗಳು ಹನ್ನೆರಡು ಮನೆಗಳಲ್ಲಿ ಹೇಗೆ ಕುಳಿತಿವೆಯೆಂಬುದರಿಂದ ಗೊತ್ತಾಗದ ಎಷ್ಟೋ ಸಂಗತಿಗಳು, ತೊಗರಿಬೇಳೆ ಎಷ್ಟು ಕಿಲೋ, ಎಣ್ಣೆ ಯಾವುದು, ಗೋಡಂಬಿ ಉಂಟೋ ಇಲ್ಲವೋ ಎಂಬ ಸಣ್ಣ ವಿವರಗಳಿಂದ ಗೊತ್ತಾಗಿಬಿಡುತ್ತವೆ. ಹಿಂದೆ ಈ ಪಟ್ಟಿಯನ್ನು ಹಳೆಯ ಲಕೋಟೆಯ ಬೆನ್ನಿನ ಮೇಲೋ, ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೋ ಬರೆಯುತ್ತಿದ್ದರು. ಈಗ ಮೊಬೈಲ್ ಫೋನಿನಲ್ಲಿ ಬೆರಳಿನಿಂದ ಒತ್ತುತ್ತಾರೆ. ಕಾಗದ ಹೋಯಿತೇ ಹೊರತು ಪಟ್ಟಿ ಹೋಗಲಿಲ್ಲ.

ಈ ಪಟ್ಟಿಯನ್ನು ನಿಜವಾಗಿ ಬರೆಯುವವರು ಯಾರು ಎಂಬುದೇ ನನ್ನ ಪ್ರಶ್ನೆ. ಮನೆಯಾಕೆ ಎಂದರೆ ಅದು ಅಕ್ಷರದ ಮಟ್ಟಿಗೆ ಮಾತ್ರ ಸರಿ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮಿತ್ರರು, ‘ಬೆಲೆ ಮತ್ತು ವರಮಾನ, ಇವೆರಡೇ ಬರೆಯುತ್ತವೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗಾದರೆ ಒಂದೇ ಬೀದಿಯಲ್ಲಿ, ಒಂದೇ ಸಂಬಳ ತರುವ, ಒಂದೇ ಅಂಗಡಿಗೆ ಹೋಗುವ ಎರಡು ಮನೆಗಳ ಪಟ್ಟಿಗಳು ಒಂದೇ ಆಗಿರಬೇಕಾಗಿತ್ತು. ಎಲ್ಲಿಯಾದರೂ ಹಾಗಿದ್ದುದನ್ನು ನೀವು ಕಂಡಿರುವಿರಾ? ಹಣ ಕೈಯನ್ನು ತಡೆಯಬಲ್ಲದು; ಆದರೆ ಕೈ ಯಾವ ಕಡೆಗೆ ಚಾಚಬೇಕೆಂಬುದನ್ನು ಹೇಳುವುದು ಬೇರೆ ಏನೋ ಒಂದು.

ಆ ‘ಬೇರೆ ಏನೋ’ ಎಂಬುದನ್ನು ಬಹಳ ಜಾಣತನದಿಂದ ಹಿಡಿದು ತೋರಿಸಿದವನು ಮೇಸನ್ ಹೇರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಅವನು ಹಿಡಿದದ್ದೂ ಸಾಮಾನಿನ ಪಟ್ಟಿಯಿಂದಲೇ. ಆ ಕಾಲಕ್ಕೆ ಅಲ್ಲಿ ಬಿಸಿನೀರಿಗೆ ಹಾಕಿ ಕಲಕಿದರೆ ಕಾಫಿಯಾಗುವ ಪುಡಿ ಬಂದಿತ್ತು. ಅದನ್ನು ಏಕೆ ಕೊಳ್ಳುವುದಿಲ್ಲವೆಂದು ಗೃಹಿಣಿಯರನ್ನು ಕೇಳಿದರೆ, ‘ರುಚಿ ಹಿಡಿಸುವುದಿಲ್ಲ’ ಎನ್ನುತ್ತಿದ್ದರು. ಹೇರ್ ಆ ಉತ್ತರವನ್ನು ನಂಬಲಿಲ್ಲ. ಅವನು ಎರಡು ಪಟ್ಟಿಗಳನ್ನು ತಯಾರಿಸಿದ: ಎರಡರಲ್ಲಿಯೂ ಅದೇ ಮಾಂಸ, ಅದೇ ಬ್ರೆಡ್ಡು, ಅದೇ ಗಜ್ಜರಿ, ಅದೇ ಆಲೂಗೆಡ್ಡೆ. ಒಂದರಲ್ಲಿ ಮಾತ್ರ ನೆಸ್ಕೆಫೆ ಎಂಬ ದಿಢೀರ್ ಕಾಫಿ, ಇನ್ನೊಂದರಲ್ಲಿ ಸೋಸಿ ಮಾಡುವ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿ. ಐವತ್ತು ಹೆಂಗಸರಿಗೆ ಒಂದು ಪಟ್ಟಿ, ಮತ್ತೈವತ್ತು ಮಂದಿಗೆ ಇನ್ನೊಂದು. ಇನ್ನೊಂದು ಪಟ್ಟಿ ಇದೆಯೆಂಬುದೇ ಅವರಿಗೆ ತಿಳಿಯದು. ‘ಈ ಪಟ್ಟಿ ಬರೆದ ಹೆಂಗಸು ಎಂಥವಳು, ಹೇಳಿ’ ಎಂದು ಕೇಳಿದ. ಸೋಸುವ ಕಾಫಿಯ ಪಟ್ಟಿಯವಳನ್ನು ಸೋಮಾರಿ ಎಂದವರು ನೂರಕ್ಕೆ ನಾಲ್ವರು. ದಿಢೀರ್ ಕಾಫಿಯವಳನ್ನು ಸೋಮಾರಿ ಎಂದವರು ನೂರಕ್ಕೆ 48! ಒಂದು ಡಬ್ಬಿ ಪುಡಿಯಿಂದ ಒಬ್ಬ ಹೆಂಗಸಿನ ಶೀಲವೇ ತೀರ್ಮಾನವಾಗಿಹೋಯಿತು. ಇದು 1950ರಲ್ಲಿ ಪ್ರಕಟವಾದ ಸಂಗತಿ.

ರುಚಿಯ ಮಾತು ಹಾಗಾದರೆ ಸುಳ್ಳೇ? ಸುಳ್ಳೆನ್ನಲಾರೆ, ಅದೊಂದು ಮರ್ಯಾದಸ್ಥ ಉತ್ತರ. ‘ನನ್ನನ್ನು ಸೋಮಾರಿ ಎಂದಾರು’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತನಗೇ ತಾನು ಹೇಳಿಕೊಳ್ಳುವುದೂ ಕಷ್ಟ. ಸ್ವಾರಸ್ಯವೆಂದರೆ, ಸುಮಾರು ಇಪ್ಪತ್ತು ವರ್ಷಗಳ ಅನಂತರ ಬೇರೆ ವಿದ್ವಾಂಸರು ಅದೇ ಬಗೆಯ ಪರೀಕ್ಷೆಯನ್ನು ಮತ್ತೆ ನಡೆಸಿ 1970ರಲ್ಲಿ ಪ್ರಕಟಿಸಿದಾಗ, ದಿಢೀರ್ ಕಾಫಿಯವಳ ಮೇಲಿನ ಆ ಕಳಂಕ ಮಾಯವಾಗಿತ್ತು. ಹೆಂಗಸರು ಹೊರಗೆ ದುಡಿಯತೊಡಗಿದ್ದರು. ಬೇಗ ಆಗುವ ಅಡುಗೆಗೆ ಸೋಮಾರಿತನವೆಂಬ ಹೆಸರು ಹೋಗಿ ಅನುಕೂಲವೆಂಬ ಹೆಸರು ಬಂದಿತ್ತು. ನಮ್ಮ ನಂಜನಗೂಡಿಗೂ 1989ರಲ್ಲಿ ಆ ಪುಡಿಯ ಕಾರ್ಖಾನೆ ಬಂದಿತು. ಆದರೂ ನೆಂಟರು ಬಂದಾಗ ಫಿಲ್ಟರಿನ ಡಿಕಾಕ್ಷನ್ನಿನಿಂದ ಕಾಫಿ ಮಾಡಿಕೊಡಲಾಗದೆ ದಿಢೀರ್ ಪುಡಿಯನ್ನು ಕಲಕುವ ಮನೆಯಾಕೆ, ಲೋಟ ಕೊಡುವಾಗ ಒಂದು ಕ್ಷಮಾಪಣೆಯ ಮಾತನ್ನೂ ಜೊತೆಗೆ ಕೊಡುವುದನ್ನು ನೀವು ಕೇಳಿರಬಹುದು. ಅಮೆರಿಕದಲ್ಲಿ ಅಳಿಸಿಹೋದ ಕಳಂಕ ನಮ್ಮ ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

ಕನ್ನಡದಲ್ಲಿ ಇದಕ್ಕೆಲ್ಲ ಒಂದು ಮಾತು ಬಹಳ ಹಿಂದಿನಿಂದಲೂ ಇದೆ: ‘ನಾಲ್ಕು ಜನ ಏನಂದಾರು?’ ಈ ನಾಲ್ಕು ಜನ ಯಾರು, ಎಲ್ಲಿದ್ದಾರೆ, ಅವರಿಗೆ ಬೇರೆ ಕೆಲಸವಿಲ್ಲವೆ ಎಂದು ಯಾರೂ ಕೇಳಿದವರಿಲ್ಲ. ಆದರೆ ಮದುವೆಯ ಊಟದಿಂದ ಹಿಡಿದು ಕಾಲಿನ ಚಪ್ಪಲಿಯವರೆಗೆ ಎಲ್ಲವನ್ನೂ ಅವರ ಅಪ್ಪಣೆ ಪಡೆದೇ ಕೊಳ್ಳುತ್ತೇವೆ. ಫಿಶ್‌ಬೈನ್ ಮತ್ತು ಐಜೆನ್ ಎಂಬ ಇಬ್ಬರು ವಿದ್ವಾಂಸರು 1975ರಲ್ಲಿ ಬರೆದ ಗ್ರಂಥದಲ್ಲಿ ಈ ನಾಲ್ಕು ಜನರಿಗೆ ಶಾಸ್ತ್ರದಲ್ಲಿಯೂ ಸ್ಥಾನ ಕೊಟ್ಟರು. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಒಂದು ವಸ್ತುವನ್ನು ಕೊಳ್ಳಬೇಕೆಂಬ ಸಂಕಲ್ಪ ಹುಟ್ಟಬೇಕಾದರೆ ಎರಡು ತಕ್ಕಡಿಗಳು ತೂಗಬೇಕು, ಒಂದರಲ್ಲಿ ಅದರ ವಿಚಾರವಾಗಿ ನಮಗಿರುವ ಭಾವನೆ, ಇನ್ನೊಂದರಲ್ಲಿ ನಮಗೆ ಬೇಕಾದವರು ಏನೆನ್ನುವರೆಂಬ ಎಣಿಕೆ. ಮುಂದೆ ಐಜೆನ್ ಮೂರನೆಯದೊಂದನ್ನು ಸೇರಿಸಿದ: ಅದು ನನ್ನಿಂದ ಆದೀತು ಎಂಬ ನಂಬಿಕೆ. ಈ ಮೂರೂ ಕೂಡಿದರೆ ಸಂಕಲ್ಪ. ಸಂಕಲ್ಪ ಕೂಡಿಬಂದರೆ ಕಾರ್ಯ.

ಎರಡನೆಯ ತಕ್ಕಡಿ ಎಷ್ಟು ಭಾರವೆಂಬುದನ್ನು ನಮ್ಮ ದೇಶವೇ ಕಣ್ಣಾರೆ ಕಂಡಿತು. 2008ರ ಜನವರಿಯಲ್ಲಿ ದೆಹಲಿಯಲ್ಲಿ ರತನ್ ಟಾಟಾ ಅವರು ನ್ಯಾನೊ ಕಾರನ್ನು ಜನರ ಮುಂದಿಟ್ಟಾಗ ಹೊಗಳದವರಿಲ್ಲ. ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಳೆಯಲ್ಲಿ ನೆನೆದುಕೊಂಡು ಹೋಗುವ ದೇಶದಲ್ಲಿ ಒಂದು ಲಕ್ಷ ರೂಪಾಯಿಗೆ ಕಾರು! 2009ರಲ್ಲಿ ಅದು ಮಾರಾಟಕ್ಕೂ ಬಂದಿತು. ಆದರೆ ಹೊಗಳಿದವರು ಕೊಳ್ಳಲಿಲ್ಲ. ಕಾರ್ಖಾನೆಯನ್ನು ಸಿಂಗೂರಿನಿಂದ ಸಾನಂದಿಗೆ ಸಾಗಿಸಬೇಕಾಗಿ ಬಂದು ಆದ ತಡ, ಕೆಲವು ಕಾರುಗಳಿಗೆ ಬೆಂಕಿ ಹೊತ್ತಿದ ಸುದ್ದಿ, ಇವೂ ಕಾರಣಗಳಾದವು. ಆದರೆ ಎಲ್ಲಕ್ಕಿಂತ ಅಗ್ಗದ ಕಾರು ಎಂಬ ಹೆಸರೇ ಅದಕ್ಕೆ ಮುಳುವಾಯಿತೆಂದು ರತನ್ ಟಾಟಾ ಅವರೇ ಅನಂತರ ಹೇಳಿದರು. ಸ್ಕೂಟರಿನವನು ಕಾರು ಕೊಳ್ಳುವುದು ಮಳೆಯಿಂದ ತಪ್ಪಿಸಿಕೊಳ್ಳುವುದಕ್ಕೆ ಮಾತ್ರವಲ್ಲ. ‘ಅವರು ಕಾರು ತೆಗೆದುಕೊಂಡರಂತೆ’ ಎಂಬ ಮಾತನ್ನು ಕೇಳುವುದಕ್ಕೆ. ‘ಅವರು ಅಗ್ಗದ ಕಾರು ತೆಗೆದುಕೊಂಡರಂತೆ’ ಎಂಬ ಮಾತಿಗೆ ಯಾರು ತಾನೆ ಸಾಲ ಮಾಡುತ್ತಾರೆ? 2018ರ ಹೊತ್ತಿಗೆ ಅದರ ತಯಾರಿಕೆ ನಿಂತಂತೆಯೇ ಆಯಿತು.

ಕಾರಿನ ಮಾತು ದೊಡ್ಡದು. ಒಂದು ಸಣ್ಣ ಕಾಳಿನ ಮಾತನ್ನು ಹೇಳುತ್ತೇನೆ. ಅದು ನಾನು ಉಂಡು ಬೆಳೆದ ಕಾಳು.

ನಮ್ಮದು ತುಮಕೂರು ಸೀಮೆಯ ಕಡೆಯ ಮನೆತನ. ತಂದೆಯವರು ಗುಮಾಸ್ತೆಯ ಕೆಲಸದ ಮೇಲೆ ಮೈಸೂರಿಗೆ ಬಂದು ಆರು ಮನೆಗಳ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ಇದು 1988-90ರ ಮಾತು. ತಿಂಗಳ ಮೊದಲ ವಾರದಲ್ಲಿ ಪಟ್ಟಿ ಹಿಡಿದುಕೊಂಡು ಬೀದಿಯ ಕೊನೆಯ ಅಂಗಡಿಗೆ ಹೋಗುವುದು ನನ್ನ ಕೆಲಸ. ಆ ಅಂಗಡಿಯವರಿಗೆ ಒಂದು ಅಭ್ಯಾಸವಿತ್ತು: ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಳಗಿರುವ ಹುಡುಗನಿಗೆ ಕೇಳಲೆಂದು ಓದುವುದು. ಕೇಳುತ್ತಿದ್ದುದು ಮಾತ್ರ ಬೀದಿಗೆಲ್ಲ. ಯಾರ ಮನೆಯಲ್ಲಿ ಈ ತಿಂಗಳು ಎಣ್ಣೆ ಕಡಿಮೆಯಾಯಿತು, ಯಾರ ಮನೆಗೆ ಬಾದಾಮಿ ಬಂತು ಎಂಬುದಕ್ಕೆ ಬೇರೆ ವಾರ್ತಾಪತ್ರಿಕೆ ಬೇಕಾಗಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಅಕ್ಕಿ ಇರುತ್ತಿತ್ತು, ಬೇಳೆ ಇರುತ್ತಿತ್ತು, ರವೆ ಇರುತ್ತಿತ್ತು. ರಾಗಿ ಎಂದೂ ಇರುತ್ತಿರಲಿಲ್ಲ.

ಹಾಗೆಂದು ನಾವು ರಾಗಿ ತಿನ್ನುತ್ತಿರಲಿಲ್ಲವೆಂದಲ್ಲ. ಊರಿನಿಂದ ಬಸ್ಸಿನ ಮೇಲೆ ಒಂದು ಚೀಲ ಬರುತ್ತಿತ್ತು. ಕತ್ತಲಾದ ಮೇಲೆ ತಂದೆಯವರು ಅದನ್ನು ಹೊತ್ತು ತರುತ್ತಿದ್ದರು. ರಾತ್ರಿ ಮುಂಬಾಗಿಲು ಹಾಕಿದ ಮೇಲೆ ತಾಯಿ ಎಸರಿಡುತ್ತಿದ್ದಳು. ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಹಿಟ್ಟಿನ ಕೋಲಿನಿಂದ ತಿರುವುವಾಗ ಪಾತ್ರೆ ನೆಲಕ್ಕೆ ತಗುಲಿ ಸದ್ದಾಗಬಾರದೆಂದು ಕೆಳಗೆ ಒಂದು ಗೋಣಿತಟ್ಟನ್ನು ಹಾಸಿಕೊಳ್ಳುತ್ತಿದ್ದಳು. ನಲ್ಲಿಯ ಹತ್ತಿರ ಯಾರಾದರೂ ‘ಏನಡುಗೆ?’ ಎಂದರೆ ‘ಅನ್ನ, ಸಾರು’ ಎನ್ನುವಳು. ಅನ್ನವೂ ಒಂದು ಹಿಡಿ ಇರುತ್ತಿದ್ದುದರಿಂದ ಅದು ಸುಳ್ಳೂ ಅಲ್ಲ. ವಠಾರದವರು ಕೆಟ್ಟವರಾಗಿರಲಿಲ್ಲ, ಯಾರೂ ಒಂದು ಮಾತನ್ನೂ ಆಡಿದವರಲ್ಲ. ಆಡಿಯಾರು ಎಂಬುದೇ ಸಾಕಾಗಿತ್ತು. ರಾಗಿ ಬಡವರ ಊಟ, ಹಳ್ಳಿಯವರ ಊಟ, ಕೂಲಿಯವರ ಊಟ. ಗುಮಾಸ್ತರ ಮನೆಯದಲ್ಲ ಎಂಬ ಕಾಣದ ಕಾನೂನೊಂದು ಆ ಅಂಗಳದಲ್ಲಿತ್ತು. ಆ ಅಂಗಡಿಯ ಲೆಕ್ಕದ ಪುಸ್ತಕವನ್ನು ಯಾವನಾದರೂ ಪಂಡಿತ ಪರಿಶೀಲಿಸಿದ್ದರೆ, ಈ ಬೀದಿಯಲ್ಲಿ ರಾಗಿಯ ಬಳಕೆ ಇಲ್ಲವೆಂದು ಬರೆದುಕೊಂಡು ಹೋಗುತ್ತಿದ್ದ. ಪಟ್ಟಿಯಲ್ಲಿಲ್ಲದ ಧಾನ್ಯವನ್ನು ನಾವು ದಿನವೂ ಉಂಡೆವು. ಎಷ್ಟೋ ವರ್ಷಗಳ ಮೇಲೆ ನನಗೆ ಗೊತ್ತಾಯಿತು, ಆ ಆರು ಮನೆಗಳಲ್ಲಿ ಇನ್ನೂ ಎರಡು ಮನೆಗಳಿಗೆ ಹಾಗೆಯೇ ಚೀಲ ಬರುತ್ತಿತ್ತೆಂದು.

ಹಳೆಯ ಕನ್ನಡ ಸಾಹಿತ್ಯವನ್ನು ಪಾಠ ಹೇಳುವವನಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. 16ನೆಯ ಶತಮಾನದಲ್ಲಿಯೇ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಈ ವ್ಯಾಜ್ಯವನ್ನು ರಾಮನ ಮುಂದೆ ತಂದು ನಿಲ್ಲಿಸಿದ್ದಾರೆ. ನೆಲ್ಲಿಗೆ ತನ್ನ ಕುಲದ ಹೆಮ್ಮೆ. ದೇವರ ನೈವೇದ್ಯಕ್ಕೂ ಉತ್ತಮರ ಭೋಜನಕ್ಕೂ ತಾನೇ ಬೇಕೆಂಬ ಗರ್ವ. ನರೆದಲೆಗ, ಎಂದರೆ ರಾಗಿ, ಬಡವರನ್ನು ಬರಗಾಲದಲ್ಲಿ ಕೈಬಿಡದೆ ಸಾಕಿದವನು ತಾನೆಂದು ಎದುರು ನಿಲ್ಲುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ತೆಗೆದು ನೋಡಿದಾಗ ನೆಲ್ಲು ಕಳೆಗುಂದಿದೆ. ರಾಗಿ ಇದ್ದ ಹಾಗೆಯೇ ಇದೆ. ರಾಮ ಅದಕ್ಕೆ ತನ್ನ ರಾಘವನೆಂಬ ಹೆಸರನ್ನೇ ಕೊಡುತ್ತಾನೆ. ಕನಕದಾಸರ ಜಾಣ್ಮೆಯನ್ನು ಗಮನಿಸಬೇಕು: ರಾಗಿಯ ಗುಣವನ್ನು ರಾಮ ಹೆಚ್ಚಿಸಲಿಲ್ಲ, ಅದು ಮೊದಲೇ ಇತ್ತು. ಕೊಟ್ಟದ್ದು ಹೆಸರನ್ನು, ಅದೂ ತುಂಬಿದ ಸಭೆಯಲ್ಲಿ, ಎಲ್ಲರಿಗೂ ಕೇಳುವಂತೆ.

ನಮ್ಮ ಕಾಲದಲ್ಲಿಯೂ ಅಂಥದೇ ಒಂದು ನಾಮಕರಣ ನಡೆಯಿತು. ಸರ್ಕಾರದ ಕಡತಗಳಲ್ಲಿ ರಾಗಿ, ಜೋಳ, ಸಜ್ಜೆಗಳಿಗೆ ಒರಟು ಧಾನ್ಯಗಳೆಂಬ ಹೆಸರಿತ್ತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಹೆಸರನ್ನು ಕಳೆದು ಅವನ್ನು ಪೌಷ್ಟಿಕ ಧಾನ್ಯಗಳೆಂದು ಘೋಷಿಸಿತು. ಕನ್ನಡದಲ್ಲಿ ಸಿರಿಧಾನ್ಯವೆಂಬ ಚೆಲುವಾದ ಮಾತು ಬಳಕೆಗೆ ಬಂದಿತು. ಭಾರತದ ಸಲಹೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಹ ಇಲ್ಲವೆಂಬುದನ್ನು ಈಗ ಬೆಳಗಿನ ವಾಯುವಿಹಾರಕ್ಕೆ ಬಂದವರೆಲ್ಲ ಹೇಳಬಲ್ಲರು. ನನ್ನ ತಾಯಿ ಗೋಣಿತಟ್ಟಿನ ಮೇಲೆ ತಿರುವಿದ ರಾಗಿಯಲ್ಲಿಯೂ ಅಷ್ಟೇ ಸುಣ್ಣವಿದ್ದಿರಬೇಕು.

ಈಗ ಆಕೆಗೆ ಎಪ್ಪತ್ತು ದಾಟಿದೆ. ನಮ್ಮ ಮನೆಯ ಪಟ್ಟಿಯಲ್ಲಿ ರಾಗಿಗೆ ಮೊದಲ ಸಾಲು. ಆದರೂ ಪಕ್ಕದ ಮನೆಯವರು ಬಂದಾಗ ಊಟದ ಮಾತೆದ್ದರೆ, ‘ಡಾಕ್ಟರು ಹೇಳಿದ್ದಾರೆ’ ಎಂದು ಸೇರಿಸುವುದನ್ನು ಬಿಟ್ಟಿಲ್ಲ. ಡಾಕ್ಟರು ಹೇಳಿದ್ದು ನಿಜ. ಆದರೆ ಡಾಕ್ಟರು ಹುಟ್ಟುವುದಕ್ಕೆ ಮೊದಲಿನಿಂದಲೂ ಆಕೆ ಉಂಡದ್ದು ಅದನ್ನೇ. ಒಮ್ಮೆ ಮೈಗೂಡಿದ ಅಂಜಿಕೆ ಸರ್ಕಾರದ ಪ್ರಕಟಣೆಯಿಂದ ಹೋಗುವುದಿಲ್ಲ.

ಅಂಜಿಕೆ ಹಳೆಯ ತಲೆಗಳಲ್ಲಿ ಮಾತ್ರ ಉಳಿದಿದೆಯೆಂದುಕೊಂಡರೆ ಅದೂ ಸರಿಯಲ್ಲ. ಕೆಲವು ದಿನಗಳ ಕೆಳಗೆ ಎರಡನೆಯ ವರ್ಷದ ತರಗತಿಯಲ್ಲಿ ‘ರಾಮಧಾನ್ಯ ಚರಿತ್ರೆ’ಯ ಪಾಠವಿತ್ತು. ‘ರಾಗಿ ಒಳ್ಳೆಯ ಧಾನ್ಯವೆಂದು ಎಷ್ಟು ಜನ ಒಪ್ಪುತ್ತೀರಿ?’ ಎಂದು ಕೇಳಿದೆ. ಅರವತ್ತು ಕೈಗಳೂ ಮೇಲೆದ್ದವು. ‘ಈ ದಿನ ಡಬ್ಬಿಯಲ್ಲಿ ಮುದ್ದೆ ತಂದವರು?’ ಎಂದೆ. ನಗು ಎದ್ದಿತು, ಕೈ ಒಂದೂ ಏಳಲಿಲ್ಲ. ಅದಕ್ಕೆ ಸ್ವಲ್ಪ ಮೊದಲು, ಗ್ರಂಥಾಲಯದ ಹಿಂದಿನ ಮೆಟ್ಟಿಲಿನ ಮೇಲೆ ಒಬ್ಬ ಹುಡುಗ ಗೋಡೆಗೆ ಮುಖ ಮಾಡಿಕೊಂಡು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಊಟ ಮಾಡುತ್ತಿದ್ದುದನ್ನು ಕಂಡಿದ್ದೆ. ಮುದ್ದೆಯ ಬಣ್ಣ ಬೇರೆ ಯಾವುದಕ್ಕೂ ಇಲ್ಲ. ಅವನು ಮೂರನೆಯ ಬೆಂಚಿನಲ್ಲಿ ಕುಳಿತಿದ್ದ. ಮೊದಲ ಪ್ರಶ್ನೆಗೆ ಎದ್ದಿದ್ದ ಅವನ ಕೈ ಎರಡನೆಯದಕ್ಕೆ ಪುಸ್ತಕದ ಮೇಲೆ ಹಾಗೆಯೇ ಇತ್ತು. ನಾನು ಮುಂದಿನ ಪದ್ಯಕ್ಕೆ ಹೋದೆ.

ಉಳಿದ ಐವತ್ತೊಂಬತ್ತು ಜನರ ವಿಚಾರ ಬೇರೆ. ಅವರು ಮುಚ್ಚಿಟ್ಟವರಲ್ಲ, ನಿಜವಾಗಿಯೂ ರಾಗಿಯನ್ನು ಮೆಚ್ಚುತ್ತಾರೆ, ತಿನ್ನುವುದಿಲ್ಲ. ಇಲ್ಲಿ ಐಜೆನ್ನನ ಮೂರನೆಯ ಮಾತು ನೆನಪಿಗೆ ಬರುತ್ತದೆ. ಸಿರಿಧಾನ್ಯ ವರ್ಷದ ಉತ್ಸಾಹದಲ್ಲಿ ನಮ್ಮ ಮಿತ್ರರೊಬ್ಬರು ಐದು ಕಿಲೋ ರಾಗಿಹಿಟ್ಟು ಕೊಂಡರು. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು; ಮನೆಯಲ್ಲಿ ಹಿಟ್ಟಿನ ಕೋಲಿಲ್ಲ, ಇದ್ದರೂ ತಿರುವುವ ತೋಳಿಲ್ಲ. ಮೊದಲ ದಿನ ಮುದ್ದೆ ಗಂಟಾಯಿತು. ಎರಡನೆಯ ದಿನ ಅಂಬಲಿಯಾಯಿತು. ಮೂರನೆಯ ದಿನ ಡಬ್ಬಿ ಮೇಲಿನ ಹಲಗೆಗೆ ಹೋಯಿತು. ಮೂರು ತಿಂಗಳ ಮೇಲೆ ತೆಗೆದಾಗ ಅದರಲ್ಲಿ ಹುಳುಗಳ ಸಂಸಾರ ಸುಖವಾಗಿತ್ತು. ಅಲ್ಲಿಂದ ಮುಂದೆ ಅವರು ರಾಗಿಯ ಬಿಸ್ಕತ್ತು ತರುತ್ತಾರೆ. ಅದರಲ್ಲಿ ಮೈದಾಹಿಟ್ಟು ಎಷ್ಟು, ಸಕ್ಕರೆ ಎಷ್ಟು ಎಂಬುದನ್ನು ಪೊಟ್ಟಣದ ಬೆನ್ನಿನಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಅಚ್ಚು ಮಾಡಿರುತ್ತಾರೆ. ಮುಂದೆ ಮಾತ್ರ ದೊಡ್ಡದೊಂದು ತೆನೆಯ ಚಿತ್ರ. ಅವರ ಮೆಚ್ಚುಗೆ ಸುಳ್ಳಲ್ಲ, ಸಂಕಲ್ಪವೂ ಸುಳ್ಳಲ್ಲ. ಮನಸ್ಸಿಗೂ ತಟ್ಟೆಗೂ ನಡುವೆ ಒಂದು ಕೋಲಿನಷ್ಟು ಅಂತರ ಉಳಿದುಹೋಯಿತು, ಅಷ್ಟೆ.

ಹೊಲದಲ್ಲಿರುವವನಿಗೆ ಈ ಅಂತರ ಸಣ್ಣದಲ್ಲ. 2024-25ರಲ್ಲಿ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಸಾಮಾನ್ಯ ಭತ್ತಕ್ಕೆ 2,300. ಕಾಗದದ ಮೇಲೆ ರಾಮಧಾನ್ಯ ಮತ್ತೊಮ್ಮೆ ಗೆದ್ದಂತೆಯೇ. ಆದರೆ ಬೆಂಬಲ ಬೆಲೆಯ ಆಸರೆಯೊಂದರಿಂದಲೇ ಬೆಳೆ ಬಹುಕಾಲ ನಿಲ್ಲಲಾರದು, ಉಣ್ಣುವವರು ಬೇಕು. ಪ್ರತಿಷ್ಠೆಗೆಂದು ಕೊಂಡವರು ನಾಳೆ ಪ್ರತಿಷ್ಠೆ ಬೇರೆ ಕಾಳಿಗೆ ಹೋದರೆ ಅದರ ಹಿಂದೆಯೇ ಹೋಗುತ್ತಾರೆ. ಸಮುದ್ರದಾಚೆಯಿಂದ ಯಾವುದೋ ಹೆಸರು ಹೇಳಲಾರದ ಬೀಜ ಬಂದು ಅಂಗಡಿಯ ಹಲಗೆಯಲ್ಲಿ ರಾಗಿಯ ಪಕ್ಕಕ್ಕೆ ಕುಳಿತಿರುವುದನ್ನು ನೋಡಿದ್ದೇನೆ. ಅವಮಾನದಿಂದ ಬಿಟ್ಟದ್ದನ್ನು ಅಭಿಮಾನದಿಂದ ಹಿಡಿದರೆ, ಎರಡು ಸಲವೂ ತೀರ್ಮಾನ ಮಾಡಿದವರು ಆ ನಾಲ್ಕು ಜನರೇ. ರಾಗಿಯ ರುಚಿಯನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಆ ನಾಲ್ಕು ಜನರನ್ನು ಓಡಿಸಿಬಿಡೋಣವೆ? ಸಾಧ್ಯವಿಲ್ಲ, ಅವರಿಲ್ಲದೆ ಸಂಸಾರವಿಲ್ಲ. ‘ಯಾರೇನಾದರೂ ಅನ್ನಲಿ’ ಎನ್ನುವ ಧೀರನೂ ತಾನು ಹಾಗೆಂದದ್ದನ್ನು ನಾಲ್ಕು ಜನ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಾನೆ. ಆದರೆ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ನಮ್ಮ ಪಾಲಿಗೆ ಆ ನಾಲ್ಕು ಜನ ಯಾರೋ ಇರಬಹುದು. ಬೇರೆಯವರ ಪಾಲಿಗೆ ಅವರಲ್ಲಿ ನಾವೂ ಒಬ್ಬರು. ಪಕ್ಕದ ಮನೆಯಾಕೆ ಚೀಲವನ್ನು ತೆರೆಯುವಾಗ, ಸಹೋದ್ಯೋಗಿ ಹಳೆಯ ಸ್ಕೂಟರನ್ನು ನಿಲ್ಲಿಸುವಾಗ, ಹುಡುಗನೊಬ್ಬ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವಾಗ ಓರೆಗಣ್ಣಿನಿಂದ ನೋಡುವುದು ನಾವು ಬಯ್ಯುವ ಲೋಕವಲ್ಲ, ನಮ್ಮ ಕಣ್ಣೇ. ವಠಾರದ ನಲ್ಲಿಯ ಹತ್ತಿರ ಯಾರಾದರೂ ಒಬ್ಬಾಕೆ, ‘ನಮ್ಮ ಮನೆಯಲ್ಲಿ ಇವತ್ತು ಮುದ್ದೆ, ಸೊಪ್ಪಿನ ಸಾರು’ ಎಂದು ಒಂದು ದಿನ ಹೇಳಿಬಿಟ್ಟಿದ್ದರೆ, ಮೂರು ಮನೆಗಳ ಗೋಣಿತಟ್ಟುಗಳು ಅಂದೇ ಮೂಲೆ ಸೇರುತ್ತಿದ್ದವು. ಅದಕ್ಕೆ ರಾಮನೂ ಬೇಕಾಗಿರಲಿಲ್ಲ, ವಿಶ್ವಸಂಸ್ಥೆಯೂ ಬೇಕಾಗಿರಲಿಲ್ಲ.